ಕಾಕುವಿನ ಕಾಲುರಿ ಮತ್ತು ಗ್ರೀನ್ ಟೀ

ಕುಷ್ಟಗಿಯಲ್ಲಿ ನಮ್ಮ ಮಗ್ಗುಲ ಮನೆಯ ಕಾಕು ಯಾರೇ ಬಂದರೂ ಲೋಟ ಮುಂದಿಟ್ಟು, "ಕುಡದ ನೋಡ್ರಿ, ಎಲ್ಲಾ ಹಗುರಾಕ್ಕೈತಿ" ಅನ್ನುತ್ತಿದ್ದಳು. ಸಕ್ಕರೆ ಕಾಯಿಲೆಯಿಂದ ಅವಳ ಪಾದಗಳು ಕೆಂಡದಂತೆ ಉರಿಯುತ್ತಿದ್ದವು. ಇದೇ ರೋಗಕ್ಕೆ ಅವಳ ಅಕ್ಕನ ಕಾಲು ತೆಗೆದಿದ್ದರು. ಆ ಅಂಜಿಕೆಯಲ್ಲೇ ಮೊಬೈಲಿನ ವಿಡಿಯೋ ನೋಡಿ ಗ್ರೀನ್ ಟೀ ಹಿಡಿದಿದ್ದಳು. ಸಪ್ಪಗಿದೆಯೆಂದು ಅದಕ್ಕೆ ಬೆಲ್ಲದ ಹೆಂಟೆ ಬೇರೆ! ಬೆಲ್ಲವೂ ಸಕ್ಕರೆಯೇ ಎಂದು ನಾನು ತಡೆದರೆ ನನಗೇ ಬೈಯುತ್ತಿದ್ದಳು:

"ಬೆಲ್ಲಕ್ಕ ಯಾರರ ಸಕ್ಕರಿ ಅಂತಾರೇನೋ, ಖೋಡಿ?"

ನನ್ನ ಬುದ್ಧಿಮಾತಿಗೆ ಬೆಲೆ ಎಲ್ಲಿಂದ ಬರಬೇಕು? ಮೊದಲ ದಿನ ಆ ಚಹಾಪುಡಿಯ ಚೀಲವನ್ನೇ ದಾರದ ಸಮೇತ ಅಗಿದು ನುಂಗಲು ಹೋದ ಮೇಧಾವಿ ನಾನು.

ಒಂದು ದಿನ ಕಾಕು ಭಾರೀ ಖುಷಿಯಲ್ಲಿದ್ದಳು. "ಕಾಲುರಿ ಪೂರಾ ಹೋಗೇತಿ ನೋಡೋ. ಗುಳಿಗಿ ಬಿಟ್ಟಬಿಟ್ಟೆ."

"ಹಂಗ ಬಿಡಬಾರದು ಕಾಕು, ಡಾಕ್ಟರನ್ನ ಕೇಳು" ಎಂದು ನಾನು ಮುಖಂಡನಂತೆ ಕೈ ಬೀಸಿ ಭಾಷಣ ಶುರು ಮಾಡಿದೆ. ಆಗಷ್ಟೇ ಒಲೆಯಿಂದ ಇಳಿಸಿದ ಪಾತ್ರೆಗೆ ಕೈ ಬಡಿದು, ಕುದಿಯುವ ಟೀ ಇಬ್ಬರ ಕಾಲ ಮೇಲೂ ಚೆಲ್ಲಿತು. ನಾನು "ಯವ್ವಾ!" ಎಂದು ಚೀರಿ ಒಂಟಿಗಾಲಲ್ಲಿ ಕುಣಿಯುತ್ತಾ ಹೋಗಿ ಬಾಗಿಲಿಗೆ ಹಣೆ ಹೊಡೆದುಕೊಂಡೆ. ಕಾಕು ಕುಳಿತಲ್ಲಿಂದ ಅಲುಗಲಿಲ್ಲ. ನನ್ನ ಕುಣಿತ ನೋಡಿ ಹೊಟ್ಟೆ ಹಿಡಿದು ನಗುತ್ತಿದ್ದಳು. ಅವಳ ಪಾದದ ಚರ್ಮದ ಮೇಲೆ ಆಗಲೇ ಬೊಬ್ಬೆ ಏಳುತ್ತಿತ್ತು.

ನಾನು ಕೊಡ ಎಳೆದು ತಂದು ತಣ್ಣೀರು ಸುರಿದೆ. "ಕಾಕು, ನಿನ್ನ ಕಾಲು ನೋಡ..."

ಬಗ್ಗಿ ನೋಡಿದಳು. ನಗು ಮುಖದಲ್ಲಿ ಹಾಗೇ ಇತ್ತು.

"ನಾ ಹೇಳಿದ್ನಿಲ್ಲೋ? ಈಗ ಒಂಚೂರೂ ಉರಿಯಂಗಿಲ್ಲ."