ಒಂದು ಸಲಕ್ಕೆ ಒಂದೇ ಮದ್ದು

ಆ ಬೀದಿಯಲ್ಲಿ ಫ್ಯಾನ್ ಕೆಟ್ಟರೆ ಜನ ಹೋಗುವುದು ಫ್ಯಾನಕ್ಕನ ಹತ್ತಿರ. ಅಂಗಡಿ ಎಂದರೆ ಮನೆಯ ಮುಂದಿನ ಕೋಣೆಯೇ. ಗೋಡೆಗೆ ಒತ್ತಿದ ಉದ್ದ ಮೇಜು, ತಾಮ್ರದ ತಂತಿಯ ಸುರುಳಿಗಳು, ಮೂಲೆಯಲ್ಲಿ ಧೂಳು ಹಿಡಿದ ರೆಕ್ಕೆಗಳ ರಾಶಿ. ಸುಟ್ಟ ಮೋಟಾರಿನ ಹಳೆ ತಂತಿ ಕಿತ್ತು ಹೊಸದನ್ನು ಸುತ್ತುವುದು ಅವಳ ಕಸುಬು, ಅಪ್ಪನಿಂದ ಕಲಿತದ್ದು.

ಕೆಲಸದಲ್ಲಿ ಅವಳದೊಂದು ಹಟವಿದೆ. ಫ್ಯಾನ್ ನಿಧಾನವಾಗಿದೆ ಎಂದು ಯಾರಾದರೂ ತಂದರೆ ಮೊದಲು ಕೆಪಾಸಿಟರ್ ಒಂದನ್ನೇ ಬದಲಿಸಿ ನೋಡುತ್ತಾಳೆ. ಅದು ಸರಿಹೋಗದಿದ್ದರೆ ಮಾತ್ರ ಮುಂದಿನದು. ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಕೆಟ್ಟಿದ್ದು ಯಾವುದೆಂದು ಗೊತ್ತಾಗುವುದಾದರೂ ಹೇಗೆ? ಬೇರೆ ಯಾರೋ ಬಿಚ್ಚಿ ಕೈಯಾಡಿಸಿದ ಫ್ಯಾನ್ ಬಂದರಂತೂ ಅವಳ ಮುಖ ಗಂಟಿಕ್ಕುತ್ತದೆ.

ಅವಳಿಗೆ ಮಗು ಹುಟ್ಟಿ ತಿಂಗಳು ತುಂಬುವಷ್ಟರಲ್ಲಿ ಸಂಜೆಯ ಅಳು ಶುರುವಾಯಿತು. ಹಗಲೆಲ್ಲ ತಣ್ಣಗಿರುವ ಹೆಣ್ಣುಕೂಸು ಬೀದಿದೀಪ ಹತ್ತಿದ್ದೇ ತಡ ಮುಷ್ಟಿ ಬಿಗಿದು, ಕಾಲನ್ನು ಹೊಟ್ಟೆಗೆ ಮಡಚಿ, ಕೆಂಪಗಾಗಿ ಕಿರುಚುವುದು. ಎತ್ತಿಕೊಂಡರೂ ಅಳು, ಮಲಗಿಸಿದರೂ ಅಳು. ಬ್ರೆಡ್ ಕಂಪನಿಯ ವ್ಯಾನ್ ಓಡಿಸುವ ಗಂಡ ಮನೆ ಸೇರುವುದೂ ಅದೇ ಹೊತ್ತಿಗೆ.

"ನನ್ನ ಮುಖ ನೋಡಿದ ತಕ್ಷಣ ಶುರು ಮಾಡ್ತಾಳಲ್ಲೇ!"

"ನಂಗೂ ಮೊದಮೊದಲು ಹಾಗೇ ಆಗ್ತಿತ್ತು ಬಿಡಿ," ಎಂದಳು ಅವಳು.

ಟೇಬಲ್ ಫ್ಯಾನ್ ಹಿಡಿದು ಬಂದ ನಿವೃತ್ತ ಗುಮಾಸ್ತರೊಬ್ಬರು ಒಳಗಿನ ಸದ್ದಿಗೆ ಕಿವಿಗೊಟ್ಟು, "ಇದು ಕಿರ್ ಅನ್ನತ್ತೆ ಅಂತ ತಂದೆ ತಾಯೀ. ನಿಮ್ಮನೇದು ಕೇಳಿದ್ಮೇಲೆ ನಮ್ಮದೇ ವಾಸಿ ಅನ್ನಿಸ್ತಿದೆ," ಎಂದು ವಾಪಸು ಹೊರಟಿದ್ದರು.

ನಗಲಾಗದ ಮಾತು ಬಂದದ್ದು ಅತ್ತೆಯಿಂದ. ನಾಲ್ಕು ಮಕ್ಕಳನ್ನು ಸಾಕಿ ದೊಡ್ಡದು ಮಾಡಿದವರು. "ನಿನ್ನ ಹಾಲು ಮಗೂಗೆ ಒಗ್ಗ್ತಾ ಇಲ್ಲ ಕಣಮ್ಮ. ಬೇಜಾರು ಮಾಡ್ಕೋಬೇಡ. ಡಬ್ಬಿ ಹಾಲು ಶುರು ಮಾಡೋಣ," ಎಂದು ಪುಡಿಯ ಡಬ್ಬಿಯನ್ನೂ ತಂದಿಟ್ಟರು. ಫ್ಯಾನಕ್ಕ ಡಬ್ಬಿ ತೆರೆಯಲಿಲ್ಲ. ಆದರೆ ಅಂದಿನಿಂದ ತನ್ನ ತಟ್ಟೆಯಿಂದ ಒಂದೊಂದನ್ನೇ ದೂರ ಮಾಡತೊಡಗಿದಳು: ಮೊದಲು ಬೇಳೆ, ಆಮೇಲೆ ಕೋಸು, ಕೊನೆಗೆ ಮೊಸರು. ಅಳು ನಿಲ್ಲಲಿಲ್ಲ. ಕೂಸಿಗೆ ಹಾಲೂಡಿಸುವಾಗೆಲ್ಲ ತಾನೇ ಅದಕ್ಕೆ ನೋವು ಕುಡಿಸುತ್ತಿದ್ದೇನೇನೋ ಎಂಬ ಅಳುಕು ಅವಳನ್ನು ಬಿಡುತ್ತಿರಲಿಲ್ಲ.

ಮಕ್ಕಳ ಡಾಕ್ಟರು ನಡುವಯಸ್ಸಿನ ಹೆಂಗಸು. ಮಗುವಿನ ಹೊಟ್ಟೆ ಒತ್ತಿ ನೋಡಿ, ತೂಕ ಹಾಕಿ, "ಏನೂ ಕಾಯಿಲೆ ಇಲ್ಲ. ಇದಕ್ಕೆ ಕಾಲಿಕ್ ಅಂತಾರೆ. ಮೂರ್ನಾಲ್ಕು ತಿಂಗಳಿಗೆ ತಾನಾಗೇ ಹೋಗತ್ತೆ," ಎಂದರು.

"ಹಾಲಿಂದ ಅಲ್ವಾ ಡಾಕ್ಟ್ರೇ?"

"ಮಗು ಚೆನ್ನಾಗಿ ಬೆಳೀತಿದೆ. ಹಾಲಿನ ಮೇಲೆ ಯಾಕೆ ಅನುಮಾನ? ನಿಲ್ಲಿಸ್ಬೇಡಿ. ನೀವೂ ಹೊಟ್ಟೆ ತುಂಬ ಊಟ ಮಾಡಿ."

ಬೇಕಾದರೆ ಪ್ರೊಬಯಾಟಿಕ್ ಹನಿ ಹಾಕಿ ನೋಡಬಹುದು ಎಂದು ಒಂದು ಪುಟ್ಟ ಬಾಟಲಿ ಬರೆದುಕೊಟ್ಟರು. ಹೊಟ್ಟೆಗೆ ಒಳ್ಳೆಯದು ಮಾಡುವ ಜೀವಾಣು ಅದರಲ್ಲಿರುತ್ತದೆ. ಎದೆಹಾಲು ಕುಡಿಯುವ ಕೆಲವು ಮಕ್ಕಳಲ್ಲಿ ಅಳು ಕಡಿಮೆಯಾಗಿದೆ, ಎಲ್ಲರಲ್ಲೂ ಅಲ್ಲ. ಜೀವ ಇರುವ ವಸ್ತು, ಬಿಸಿ ತಾಕಬಾರದು. ಚಮಚದಲ್ಲಿ ನೇರವಾಗಿ ಬಾಯಿಗೆ ಹಾಕಬೇಕು. ಜ್ವರ, ವಾಂತಿ ಬಂದರೆ, ಹಾಲು ಕುಡಿಯದಿದ್ದರೆ ಕಾಯದೆ ಕರೆತರಬೇಕು.

ಮನೆಗೆ ಬಂದವಳೇ ಅತ್ತೆಯನ್ನೂ ಗಂಡನನ್ನೂ ಕೂರಿಸಿಕೊಂಡಳು. "ಇನ್ಮೇಲೆ ಹನಿ ಒಂದೇ. ಗ್ರೈಪ್ ವಾಟರ್ ಬೇಡ, ಡಬ್ಬಿ ಬೇಡ. ಏನಾಗತ್ತೆ ನೋಡೋಣ. ಆಗ್ಲಿಲ್ಲ ಅಂದ್ರೆ ಅತ್ತೆ ಹೇಳ್ದಂಗೆ ಮಾಡ್ತೀನಿ."

"ಮಗು ಏನು ಫ್ಯಾನೇನೇ?" ಎಂದರು ಅತ್ತೆ. ಒಪ್ಪಿದಂತೆ ತಲೆಯನ್ನೂ ಆಡಿಸಿದರು.

ಮೊದಲ ವಾರ ಏನೂ ಬದಲಾಗಲಿಲ್ಲ. ಎರಡನೆಯ ವಾರದ ನಡುವೆ ಅಳು ಕುಗ್ಗಿದಂತೆ ಕಂಡಿತು. ಒಂದು ಸಂಜೆ ಗಂಡ ಬಿಸಿ ಟೀಯನ್ನು ಬಿಸಿಯಾಗಿಯೇ ಕುಡಿದು ಮುಗಿಸಿದ. ಫ್ಯಾನಕ್ಕ ಹಗುರಾದಳು.

ಆದರೆ ಒಂದು ವಿಷಯ ಅವಳನ್ನು ಕುಟುಕುತ್ತಿತ್ತು. ಮಧ್ಯಾಹ್ನ ಅಂಗಡಿಯಿಂದ ಕೈ ತೊಳೆದು ಒಳಗೆ ಹೋದರೆ ಮಗು ಎರಡು ಗುಟುಕು ಕುಡಿದು ಮುಖ ತಿರುಗಿಸುತ್ತಿತ್ತು. ಹಾಲು ತುಂಬಿ ಎದೆ ಕಲ್ಲಿನಂತೆ ಭಾರ. ಮಗುವಿಗೆ ಹಸಿವೇ ಇಲ್ಲ. ಮೂರನೆಯ ಸಲ ಹಾಗಾದಾಗ ಅವಳು ಅಡುಗೆಮನೆ ಬಾಗಿಲಲ್ಲಿ ನಿಂತಳು.

"ಅತ್ತೆ, ಇದನ್ನ ನನಗಿಂತ ಮುಂಚೆ ಯಾರೋ ಬಿಚ್ಚಿದ್ದಾರೆ."

ಅತ್ತೆ ಪಾತ್ರೆ ತಿಕ್ಕುವುದನ್ನು ನಿಲ್ಲಿಸಲಿಲ್ಲ. "ಹೌದು, ಕೊಟ್ಟೆ. ಮಧ್ಯಾಹ್ನ ಒಂದು ಹೊತ್ತು ಡಬ್ಬಿ ಹಾಲು. ಅದಕ್ಕೇ ಅಳು ಕಮ್ಮಿ ಆಗಿರೋದು. ನಿನ್ನ ಹನಿಯಿಂದಲ್ಲ."

"ನಂಗೆ ಒಂದು ಮಾತು ಹೇಳ್ಬಾರ್ದಿತ್ತಾ?"

"ಹೇಳಿದ್ರೆ ಬಿಡ್ತಿದ್ಯಾ?" ನಲ್ಲಿ ನಿಲ್ಲಿಸಿ ಅತ್ತೆ ತಿರುಗಿದರು. "ನಿನ್ನ ಗಂಡ ಕೂಸಾಗಿದ್ದಾಗ ನನ್ನ ಹಾಲು ಬತ್ತಿಹೋಯ್ತು. ಸೊರಗಿ ಕಡ್ಡಿ ಆಗಿದ್ದ. ಆಗಲೇ ಮೂರು ಹೆತ್ತವಳು ನಾನು, ನಂಗೆ ಗೊತ್ತಿಲ್ವಾ ಅಂತ ಯಾರ ಮಾತೂ ಕೇಳ್ಲಿಲ್ಲ. ಮತ್ತೆ ಅದನ್ನ ನೋಡೋಕೆ ನಂಗಾಗಲ್ಲ."

ಅತ್ತೆಯ ಮಾತು ಸುಳ್ಳೆನ್ನಲು ಫ್ಯಾನಕ್ಕನ ಬಳಿ ಏನೂ ಉಳಿದಿರಲಿಲ್ಲ. ಹನಿಯೋ ಡಬ್ಬಿಯೋ, ಯಾವುದು ಕೆಲಸ ಮಾಡಿತೆಂದು ಈಗ ಹೇಳುವವರಾರು? ಇದ್ದದ್ದನ್ನು ಹೀಗೇ ಬಿಟ್ಟರೆ ಮನೆ ತಣ್ಣಗಿರುತ್ತದೆ, ಆದರೆ ಮಗು ಕುಡಿಯದೆ ಅವಳ ಹಾಲು ದಿನದಿನಕ್ಕೆ ಕಡಿಮೆಯಾಗುತ್ತದೆ.

"ಡಬ್ಬಿ ನಿಲ್ಲಿಸೋಣ ಅತ್ತೆ. ಹನಿ ಇರ್ಲಿ, ನನ್ನ ಹಾಲಿರ್ಲಿ. ಮತ್ತೆ ಮೊದಲಿನ ಹಾಗೆ ಅತ್ರೆ ನಾನೇ ಡಬ್ಬಿ ಹಾಲು ಕೊಡ್ತೀನಿ. ಅಲ್ಲೀವರೆಗೂ ನೀವು ಮುಟ್ಬೇಡಿ."

"ಮುಟ್ಟಲ್ಲಮ್ಮ," ಎಂದರು ಅತ್ತೆ. ಈ ಸಲ ತಲೆಯಾಡಿಸಲಿಲ್ಲ.

ಮಾರನೆಯ ಸಂಜೆ ಬೀದಿದೀಪ ಹತ್ತಿತು. ಮಗು ಮುಲುಗಿತು, ಕಾಲು ಮಡಚಿತು, ತುಟಿ ಸೊಟ್ಟ ಮಾಡಿತು. ಫ್ಯಾನಕ್ಕ ಅದನ್ನು ಮುಂಗೈ ಮೇಲೆ ಬೋರಲು ಹಾಕಿಕೊಂಡು ಕೋಣೆಯ ಉದ್ದಗಲ ಅಡ್ಡಾಡಿದಳು. ಗಂಡ ಹೊಸಿಲಲ್ಲೇ ನಿಂತ. ಸ್ವಲ್ಪ ಅಳು, ಆಮೇಲೆ ಮಗುವಿನ ಗಾತ್ರಕ್ಕೆ ಒಪ್ಪದ ದೊಡ್ಡದೊಂದು ಹೂಸು. ಅಷ್ಟೇ.

"ಅಮ್ಮ, ಇದು ನನ್ನ ಮಗಳೇ, ಅನುಮಾನವೇ ಇಲ್ಲ," ಎಂದ ಗಂಡ. ಅತ್ತೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು.

ಅಳು ಪೂರ್ತಿ ನಿಂತಿತೆಂದಲ್ಲ. ಕೆಲವು ಸಂಜೆ ಅರ್ಧ ಗಂಟೆ, ಕೆಲವು ಸಂಜೆ ಇಲ್ಲವೇ ಇಲ್ಲ. ಮುಂದಿನ ಸಲ ತೂಕ ಹಾಕಿಸಲು ಅತ್ತೆಯೂ ಜೊತೆಗೆ ಹೋದರು. ಮುಳ್ಳು ಮುಂದಕ್ಕೆ ಸರಿದು ನಿಂತದ್ದನ್ನು ಬಗ್ಗಿ ನೋಡಿದರು. ಹನಿಯಿಂದಲೇ ವಾಸಿಯಾಯಿತೇ ಎಂದು ಸೊಸೆ ಕೇಳಿದ್ದಕ್ಕೆ ಡಾಕ್ಟರು, "ಇರಬಹುದು. ವಯಸ್ಸಿಂದಲೂ ಇರಬಹುದು. ಖಚಿತವಾಗಿ ಹೇಳಕ್ಕಾಗಲ್ಲ," ಎಂದರು.

ಫ್ಯಾನಿನ ವಿಷಯದಲ್ಲಾಗಿದ್ದರೆ ಈ ಉತ್ತರಕ್ಕೆ ಅವಳು ಸುಮ್ಮನಾಗುತ್ತಿರಲಿಲ್ಲ. ಅಂದು ಮಗುವನ್ನೆತ್ತಿಕೊಂಡು ಹೊರಟಳು. ವಾಪಸು ಬರುವಾಗ ಅತ್ತೆಯೇ ಬಾಯಿ ತೆರೆದರು. "ಡಬ್ಬಿ ಇಲ್ದೇನೂ ತೂಕ ಬಂತಲ್ಲ."

"ಬಂತು ಅತ್ತೆ."

"ರಾತ್ರಿಗೆ ಬೇಳೆ ಮಾಡ್ತೀನಿ. ಉಣ್ಣು. ನೀನೇ ಕಡ್ಡಿ ಆಗಿದೀಯ."

ಮರುದಿನ ಮಧ್ಯಾಹ್ನ ಅಂಗಡಿಯಲ್ಲಿ ಗಿರಾಕಿಯೊಬ್ಬ ಕಾಯುತ್ತಿದ್ದ. ಫ್ಯಾನಕ್ಕ ತಂತಿಯ ತುದಿ ಕೆರೆಯುತ್ತಿದ್ದಾಗ ಅತ್ತೆ ಮಗುವನ್ನೆತ್ತಿಕೊಂಡು ಒಳಬಾಗಿಲಿಗೆ ಬಂದರು. ಅದು ಮುಷ್ಟಿ ಚೀಪುತ್ತಿತ್ತು.

"ಎದ್ದೇಳೇ, ಕೈ ತೊಳ್ಕೋ. ಹಸಿದಿದಾಳೆ."

"ಇದೊಂದು ಮುಗಿಸ್ತೀನಿ ಅತ್ತೆ..."

"ಹಾಲು ಕಟ್ಕೊಂಡು ಜ್ವರ ಬಂದ್ರೆ ನಾನೇನು ಮಾಡ್ಲಿ? ಏಳು," ಎಂದು ಗದರಿ, ಗಿರಾಕಿಯ ಕಡೆ ತಿರುಗಿದರು. "ಕೂತ್ಕೊಳ್ಳಪ್ಪ. ರೆಕ್ಕೆ ಬಿಚ್ಚಿಟ್ಟಿದಾಳೆ, ನಿನ್ನ ಫ್ಯಾನ್ ಎಲ್ಲೂ ಹಾರಿಹೋಗಲ್ಲ."