ಕಾರು ನಿಂತಲ್ಲಿ ಸಿಕ್ಕ ಗುರು

ಮೂರು ವರ್ಷದ ಹಿಂದಿನ ಬೇಸಿಗೆ. ನನ್ನ ಅಕ್ಕನಿಗೆ ವಾರಕ್ಕೆರಡು ಸಲ ಡಯಾಲಿಸಿಸ್ ಶುರುವಾಗಿ ಎರಡು ತಿಂಗಳಾಗಿತ್ತು. ಹುನಗುಂದದಿಂದ ಬಾಗಲಕೋಟೆಯ ನವನಗರಕ್ಕೆ ನಾನೇ ಅವಳನ್ನು ಕರೆದೊಯ್ಯುತ್ತಿದ್ದೆ, ತೀರಿಹೋದ ನಮ್ಮ ಯಜಮಾನರ ಹಳೆಯ ಅಂಬಾಸಿಡರ್‌ನಲ್ಲಿ. ಹಿಂದಿನ ಸೀಟಿನಲ್ಲಿ ಅಕ್ಕ ಮಲಗಿಕೊಂಡು ಬರಬಹುದಿತ್ತು. ಬಸ್ಸಿನಲ್ಲಿ ಅದು ಆಗುವ ಮಾತಲ್ಲ.

ಆದರೆ ಕಾರಿಗೆ ಒಂದು ರೋಗ ಅಂಟಿಕೊಂಡಿತ್ತು. ಚೆನ್ನಾಗಿ ಓಡುತ್ತಿದ್ದದ್ದು ಇದ್ದಕ್ಕಿದ್ದಂತೆ ನಿಂತುಬಿಡುತ್ತಿತ್ತು. ಅರ್ಧ ಗಂಟೆ ಬಿಟ್ಟು ಕೀಲಿ ತಿರುವಿದರೆ ಏನೂ ಆಗಿಲ್ಲವೆಂಬಂತೆ ಶುರುವಾಗುತ್ತಿತ್ತು. ಗ್ಯಾರೇಜಿಗೆ ಒಯ್ದರೆ ಅಲ್ಲಿ ಒಮ್ಮೆಯೂ ನಿಲ್ಲುತ್ತಿರಲಿಲ್ಲ! ಪ್ಲಗ್ ಬದಲಾಯಿಸಿದರು, ಪ್ಲಗ್ಗಿಗೆ ಕಿಡಿ ಕೊಡುವ ಕಾಯಿಲ್ ಬದಲಾಯಿಸಿದರು. ಕೊನೆಗೆ, "ಇದನ್ನ ಗುಜರಿಗೆ ಹಾಕ್ರಿ ಅಕ್ಕಾರ" ಎಂದರು.

ಆ ದಿನ ಡಯಾಲಿಸಿಸ್ ಮುಗಿಸಿಕೊಂಡು ಬರುವಾಗ ಅಮೀನಗಡ ದಾಟಿ ಸ್ವಲ್ಪ ದೂರದಲ್ಲಿ ಕಾರು ನಿಂತಿತು. ನಡುಮಧ್ಯಾಹ್ನದ ಬಿಸಿಲು. ಎಷ್ಟು ಸಲ ಕೀಲಿ ತಿರುವಿದರೂ ಎಂಜಿನ್ ಹಿಡಿಯಲಿಲ್ಲ. ಅಕ್ಕನ ಹಣೆಯ ಮೇಲೆ ತಣ್ಣನೆಯ ಬೆವರು.

"ಶಾಂತಾ, ನಾ ಇನ್ನ ದವಾಖಾನಿಗೆ ಬರಂಗಿಲ್ಲ. ನನ್ನ ಸಲುವಾಗಿ ನೀ ಎಷ್ಟ ದಿನ ಹಿಂಗ ರಸ್ತೆದಾಗ ನಿಲ್ತಿ?" ಎಂದು ಕಣ್ಣು ಮುಚ್ಚಿದಳು.

ರಸ್ತೆ ಪಕ್ಕದ ಚಹಾದಂಗಡಿಯ ಹೆಣ್ಣುಮಗಳು ಓಡಿಬಂದು ಅಕ್ಕನನ್ನು ನೆರಳಿನಲ್ಲಿ ಮಲಗಿಸಿದಳು. ಅಂಗಡಿಯ ಕಟ್ಟೆಯ ಮೇಲೆ ಆಕೆಯ ಮಾವ ಹುಸೇನಸಾಬರು ಕಪ್ಪು ಕನ್ನಡಕ ಹಾಕಿಕೊಂಡು ಕೂತಿದ್ದರು. ಕೂತಲ್ಲಿಂದಲೇ, "ಸೆಲ್ಫ್ ಜೋರ್ ತಿರಗಾಕತ್ತೈತಿ, ಅಂದ್ರ ಬ್ಯಾಟರಿ ಚಲೋ ಐತಿ. ಕರೆಂಟ್ ಎಲ್ಲೋ ನಡುವ ನಿಂತೈತಿ" ಎಂದರು. ನಲವತ್ತು ವರ್ಷ ಗಾಡಿಗಳ ವೈರಿಂಗ್ ಮಾಡಿದವರಂತೆ. ಸಕ್ಕರೆ ಕಾಯಿಲೆಯಿಂದ ಕಣ್ಣು ಹೋಗಿ ಕೆಲಸ ನಿಂತಿತ್ತು.

ಸೊಸೆ ಒಳಗಿಂದ ಅವರ ಸಾಮಾನಿನ ಡಬ್ಬಿ ತಂದಳು. ಎರಡು ವೈರು ಜೋಡಿಸಿದ ಸಣ್ಣ ಬಲ್ಬೊಂದನ್ನು ಹುಡುಕಿ ತೆಗೆದು ಅವರು ನನ್ನ ಕೈಗಿಟ್ಟರು.

"ನನಗ ಇದೆಲ್ಲಾ ಗೊತ್ತಿಲ್ರಿ ಕಾಕಾ. ಶಾಕ್ ಹೊಡದ್ರ?"

"ಹನ್ನೆರಡ ವೋಲ್ಟ್, ಏನೂ ಆಗಂಗಿಲ್ಲ. ಕಾಯಿಲ್ ನಡುವಿನ ದಪ್ಪ ವೈರ್ ಅಷ್ಟ ಮುಟ್ಟಬ್ಯಾಡ, ಅದು ಹೊಡಿತೈತಿ. ನಾ ಮಾಡಿಕೊಟ್ರ ಇವತ್ತ ಮನಿ ಮುಟ್ತಿ. ನೀ ಕಲತ್ರ ಯಾವಾಗ್ಲೂ ಮುಟ್ತಿ."

ಒಂದು ವೈರನ್ನು ಕಾರಿನ ಕಬ್ಬಿಣಕ್ಕೆ ಸಿಕ್ಕಿಸಿ, ಕೀಲಿ ತಿರುವಿಟ್ಟು, ಇನ್ನೊಂದನ್ನು ಕಾಯಿಲ್‌ಗೆ ಮುಟ್ಟಿಸಿ ಬಲ್ಬು ಹೊತ್ತುತ್ತದೆಯೇ ನೋಡಲು ಹೇಳಿದರು.

"ಹತ್ತಿತೇನು?"

"ಇಲ್ರಿ."

"ಈಗ ಕೀಲಿ ಹಿಂದಿನ ತುದಿಗೆ ಹಚ್ಚು."

ಡ್ಯಾಶ್‌ಬೋರ್ಡಿನ ಕೆಳಗೆ ತಲೆ ತೂರಿಸಿ ಹಚ್ಚಿದೆ. ಬಲ್ಬು ಫಕ್ಕನೆ ಹೊತ್ತಿತು! "ಹತ್ತಿತ್ರಿ ಕಾಕಾ!" ಎಂದು ಕೂಗಿಬಿಟ್ಟೆ.

"ಹಂಗಾರ ಕಳ್ಳ ಈ ಎರಡರ ನಡುವ ಅದಾನ."

ಬ್ಯಾಟರಿಯ ವೈರು ಬಿಚ್ಚಿಸಿ, ಸೊಸೆಯ ಕೈ ಹಿಡಿದು ಕಾರಿನ ಬಳಿ ಬಂದ ಅವರು ಕೀಲಿಯಿಂದ ಕಾಯಿಲ್‌ವರೆಗಿನ ವೈರಿನ ಮೇಲೆ ನಿಧಾನವಾಗಿ ಬೆರಳಾಡಿಸಿದರು. ತಗಡಿನ ತೂತಿನಲ್ಲಿ ಅದು ನುಸುಳುವ ಕಡೆ ಬೆರಳು ನಿಂತವು. "ಇಲ್ಲಿ ಮೆತ್ತಗೈತಿ. ಸೀಳು."

ಹೊರಗಿನ ಕವಚ ಚೆನ್ನಾಗಿಯೇ ಇತ್ತು. ಒಳಗಿನ ತಾಮ್ರದ ಎಳೆಗಳು ಹಸಿರುಗಟ್ಟಿ ತುಂಡಾಗಿದ್ದವು. ತಣ್ಣಗಿದ್ದಾಗ ಆ ತುದಿಗಳು ಒಂದಕ್ಕೊಂದು ತಾಗುತ್ತವೆ, ಎಂಜಿನ್ ಕಾದಾಗ ಬಿಟ್ಟುಕೊಳ್ಳುತ್ತವೆ ಎಂದು ವಿವರಿಸಿದರು. ಹಳೆಯ ವೈರು ಬಿಚ್ಚಿ, ಡಬ್ಬಿಯಲ್ಲಿದ್ದ ಹೊಸ ವೈರು ಹಾಕಿ ನಾನೇ ಸ್ಕ್ರೂ ಬಿಗಿದೆ. ಬ್ಯಾಟರಿ ಜೋಡಿಸಿ ಕೀಲಿ ತಿರುವಿದರೆ ಎಂಜಿನ್ ಒಂದೇ ಸಲಕ್ಕೆ ಹಿಡಿಯಿತು.

ಅಕ್ಕ ಎದ್ದು ಕೂತು, ಗ್ರೀಸು ಮೆತ್ತಿಕೊಂಡ ನನ್ನ ಮುಖ ನೋಡಿ ನಕ್ಕಳು. ಅವಳು ನಕ್ಕು ಎಷ್ಟು ದಿನವಾಗಿತ್ತೋ!

ಹೊರಡುವಾಗ ಬಲ್ಬನ್ನು ಮರಳಿ ಕೊಡಲು ಹೋದೆ. ಹುಸೇನಸಾಬರು ತೆಗೆದುಕೊಳ್ಳಲಿಲ್ಲ. "ಇದರ ಬೆಳಕ ನನಗ ಕಾಣಂಗಿಲ್ಲ. ನಿನ್ನ ಹತ್ರ ಇರ್ಲಿ" ಎಂದರು.

ಮುಂದಿನ ಸರದಿಗೆ ಅಕ್ಕ ತಾನೇ ಬಂದು ಕಾರಿನಲ್ಲಿ ಕೂತಳು. ಇವತ್ತಿನವರೆಗೂ ಒಂದು ಸಲವೂ ತಪ್ಪಿಸಿಲ್ಲ. ಹೋಗುವಾಗ ಆ ಅಂಗಡಿಯ ಮುಂದೆ ಐದು ನಿಮಿಷ ನಿಲ್ಲುತ್ತೇವೆ. ಒಮ್ಮೆ ಹಾರ್ನ್ ಬಂದ್ ಆದಾಗ ನಾನೇ ಸರಿಮಾಡಿದ್ದನ್ನು ಹುಸೇನಸಾಬರಿಗೆ ಹೇಳಿದೆ. "ಎಲ್ಲಿಂದ ಹುಡಕಾಕ ಸುರು ಮಾಡಿದಿ?" ಎಂದು ಪರೀಕ್ಷೆ ಮಾಡಿದರು. ಉತ್ತರ ಕೇಳಿ, "ಹಂಗಾರ ನನ್ನ ಕೆಲಸ ಇನ್ನೂ ನಡದೈತಿ" ಎಂದು ಮುಖವರಳಿಸಿ ನಕ್ಕರು.

ಹಳೆಯ ಕಾರು, ಈಗಲೂ ಆಗಾಗ ಮುನಿಸಿಕೊಳ್ಳುತ್ತದೆ. ನಾನು ಹೆದರುವುದಿಲ್ಲ. ಎಲ್ಲಿಯವರೆಗೆ ಕರೆಂಟ್ ಬಂದಿದೆ ಎಂದು ಒಂದೊಂದೇ ತುದಿಗೆ ಆ ಬಲ್ಬು ಹಚ್ಚಿ ನೋಡುತ್ತ ಹೋಗುತ್ತೇನೆ. ಅಕ್ಕ ಸೀಟಿನಲ್ಲಿ ಕೂತೇ, "ಹತ್ತಿತೇನು?" ಎಂದು ಕೇಳುತ್ತಿರುತ್ತಾಳೆ.