ಕಿರ್ ಅಂದರೆ ಒಂದು ಗುದ್ದು

ಕಿವಿರಾಯನ ಹೆಸರನ್ನು ಅತ್ತೆ ಮೊದಲು ಕೇಳಿದ್ದು ಅಳಿಯನ ಹೊಸ ಕಾರಿನ ಹಿಂದಿನ ಸೀಟಿನಲ್ಲಿ ಕೂತು. ಕಾರಿನ ನೆತ್ತಿಯ ಗಾಜಿನ ಕಿಂಡಿ, ಅದೇ ಸನ್‌ರೂಫು, ರಸ್ತೆಯ ಒಂದೊಂದು ಗುಂಡಿಗೂ ಕಿರ್ರೆನ್ನುತ್ತಿತ್ತು.

"ಆಕಾಶ ನೋಡೋಕೆ ಇಷ್ಟೆಲ್ಲ ಬೇಕಿತ್ತಾ? ಕತ್ತೆತ್ತಿದ್ರೆ ಪುಕ್ಕಟೆ ಕಾಣ್ತಿತ್ತಲ್ಲಪ್ಪಾ."

ಅಳಿಯ ಹಲ್ಲು ಕಚ್ಚಿಕೊಂಡ. ಮೂರು ಗ್ಯಾರೇಜು ಸುತ್ತಿಯಾಗಿತ್ತು. "ಕಿವಿರಾಯ ಅಂತ ಒಬ್ಬ ಮೆಕ್ಯಾನಿಕ್ ಇದ್ದಾನಂತೆ ಅತ್ತೆ. ಸದ್ದು ಕೇಳಿಯೇ ರೋಗ ಹೇಳ್ತಾನಂತೆ."

ಕಿವಿರಾಯ ಅರವತ್ತರ ಹತ್ತಿರದ ಒಣಕಲು ಆಸಾಮಿ. ಬಾಯಿ ಮುಚ್ಚಿ ಕೂರುವುದಿಲ್ಲವೆಂದು ಕಾರಿನವರನ್ನು ಕೆಳಗಿಳಿಸಿಯೇ ಪರೀಕ್ಷೆಗೆ ಹೊರಡುವುದು ಅವನ ಪದ್ಧತಿ. ಅಳಿಯ ಇಳಿದ. ಮಂಡಿನೋವಿನ ಅತ್ತೆ ಜಪ್ಪಯ್ಯ ಅಂದರೂ ಇಳಿಯಲಿಲ್ಲ.

ರಸ್ತೆಯುಬ್ಬುಗಳ ಮೇಲೆ ಕಿಂಡಿ ಕಿರುಚಿತು, ಅವನು ಸುಮ್ಮನಿದ್ದ. ನುಣ್ಣನೆಯ ರಸ್ತೆಯಲ್ಲಿ, ಪಿಟ್ಟೆನ್ನುವ ಸದ್ದೂ ಇಲ್ಲದಾಗ, "ಹಾಂ, ಸಿಕ್ತು" ಎಂದು ತಲೆಯಾಡಿಸಿದ.

ಆ ತಲೆಯಾಟ ಅತ್ತೆಗೆ ಗೊತ್ತಿದ್ದದ್ದೇ. ತೀರಿಹೋದ ಯಜಮಾನರು ಕಿವುಡಾದ ಮೇಲೆ ಹತ್ತು ವರ್ಷ ಹಾಗೇ ತಲೆಯಾಡಿಸಿದ್ದರು. ಸಂಸಾರದಲ್ಲಿ ಜಗಳವಿಲ್ಲದ ಕಾಲವೆಂದರೆ ಅದೊಂದೇ.

"ಏನಪ್ಪಾ, ನಿನಗೆ ಕಿವಿ ಕೇಳಲ್ವಾ?" ಎಂದು ಹಿಂದಿನಿಂದ ಅರಚಿದಳು.

ಕಾರು ಗಕ್ಕನೆ ನಿಂತಿತು. "ಮೆಲ್ಲಗಮ್ಮಾ! ಗ್ಯಾರೇಜ್ ಓನರಿಗೆ ಗೊತ್ತಾದ್ರೆ ನಾಳೆಯಿಂದ ಕಾರು ತೊಳೆಯೋಕೆ ಹಾಕ್ತಾನೆ. ದಪ್ಪ ಸದ್ದು ಕೇಳುತ್ತೆ. ಸಣ್ಣದು ಹೋಗಿ ವರ್ಷವಾಯ್ತು."

"ಹೆಸರು ನೋಡಿದ್ರೆ ಕಿವಿರಾಯ! ಓಡಿಸು. ಕಿರ್ ಅಂದ್ರೆ ಭುಜಕ್ಕೆ ಗುದ್ದುತೀನಿ."

ನಾಲ್ಕು ಉಬ್ಬು, ನಾಲ್ಕು ಗುದ್ದು. ಕಿಂಡಿಯನ್ನು ಎರಡು ಬೆರಳಷ್ಟು ತೆರೆದು ಮತ್ತೆ ಓಡಿಸಿದ. ಗುದ್ದಿಲ್ಲ. ಅವನ ಮುಖ ಅರಳಿತು. "ಹಾಗಾದ್ರೆ ಗಾಜು ಜಾರೋ ಹಳಿಯದಲ್ಲ, ಅಂಚಿನ ರಬ್ಬರಿಂದು. ಒಣಗಿ ಗಾಜಿಗೆ ಉಜ್ಜುತಿದೆ."

ರಬ್ಬರಿನ ಧೂಳು ಒರೆಸಿ, ಒಡೆದ ತುಟಿಗೆ ಬೆಣ್ಣೆ ಸವರುವ ಹಾಗೆ ಸಿಲಿಕೋನ್ ಗ್ರೀಸು ಸವರಿದ. ಮುಚ್ಚಿ ಓಡಿಸಿದರೂ ಗುದ್ದು ಬೀಳಲಿಲ್ಲ. ಅಳಿಯ ಅವನ ಕಿವಿಯನ್ನು ಹೊಗಳಿದ್ದೇ ಹೊಗಳಿದ್ದು. ಅತ್ತೆ ಕೆಮ್ಮಿದಳು.

ಮುಂದೆ ಮೂರು ವರ್ಷ, ಸದ್ದಿನ ಕಾರು ಬಂದಾಗಲೆಲ್ಲ ಅತ್ತೆಗೆ ಕರೆ. ಹಿಂದಿನ ಸೀಟಿನಲ್ಲಿ ಒಳ್ಳೆಯ ಭಾರ ಇದ್ದರೇ ಸದ್ದು ಹೊರಬರುವುದೆಂದು ಕಿವಿರಾಯ ಮಾಲೀಕನನ್ನು ನಂಬಿಸಿದ್ದ. ಭಾರ ಅಂದದ್ದಕ್ಕೆ ಅವನಿಗೆ ಒಂದು ಗುದ್ದು ಹೆಚ್ಚಿಗೆ ಬಿತ್ತು.

ಅವನು ಕೆಲಸ ಬಿಡುವ ದಿನ ಮಾಲೀಕ ಎಲ್ಲರನ್ನೂ ಸೇರಿಸಿ, "ಇಂಥ ಕಿವಿ ಇನ್ನು ಹುಟ್ಟಲ್ಲ" ಎಂದು ಭಾಷಣ ಮಾಡಿದ. ಆ ವೇಳೆಗಾಗಲೇ ಕಿವಿರಾಯನಿಗೆ ದಪ್ಪ ಸದ್ದೂ ಹೋಗಿತ್ತು. ಜನ ಚಪ್ಪಾಳೆ ತಟ್ಟುತ್ತಿದ್ದರೆ ಅತ್ತೆಯ ಕಡೆ ಬಾಗಿ ಪಿಸುಗುಟ್ಟಿದ:

"ಏನಂದ್ನಮ್ಮಾ? ನಗಬೇಕಾದ್ರೆ ಒಂದು ಗುದ್ದು ಕೊಡಿ, ಅಳಬೇಕಾದ್ರೆ ಎರಡು."